ಅಂಚಿಗೆ ಬಂದು ನಿಂತ ಹಾಲು

ಡ್ರೈವರ್ ಕಾಕಾ ಚಹಾ ಕುಡಿದರೆ ಅದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಮನೆ ಮುಂದಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಸೊರ್ರನೆ ಎಳೆಯುತ್ತಿದ್ದರು. ಆಮೇಲೆ "ಹ್ಹಾ" ಎಂದು ಉದ್ದಕ್ಕೆ ಉಸಿರು ಬಿಡುತ್ತಿದ್ದರು. ಕೊಟ್ಟೂರಿನ ನಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ದಿನ ಆ ಸದ್ದಿಗೆ ಕಿಟಕಿ ತೆರೆದು ನೋಡುತ್ತಿದ್ದರು. ಮರುದಿನದಿಂದ ಅದೇ ಸದ್ದು ಕೇಳಿ ಎದ್ದು ಒಲೆ ಹಚ್ಚುತ್ತಿದ್ದರು.

ಕಳೆದ ತಿಂಗಳು ಕಾಕಾ ತೀರಿಕೊಂಡರು. ಮಣ್ಣಿಗೆ ಬಂದಿದ್ದ ಹಳೆಯ ಕಂಡಕ್ಟರುಗಳೆಲ್ಲ ಅವರ ಸರ್ವಿಸಿನ ಮಾತನ್ನೇ ಆಡಿದರು. ಹರಪನಹಳ್ಳಿ, ಹಡಗಲಿ ರೋಡಿನಲ್ಲಿ ಅಷ್ಟು ವರ್ಷ ಬಸ್ ಓಡಿಸಿ ಒಂದು ನಾಯಿಗೂ ಗಾಯ ಮಾಡಲಿಲ್ಲ ಎಂದರು. ಇರಬಹುದು. ಅವರು ಬಸ್ ಓಡಿಸಿದ್ದನ್ನು ನಾನು ಹೆಚ್ಚು ಕಂಡವಳಲ್ಲ. ನಾನು ಆ ಓಣಿಗೆ ಸೊಸೆಯಾಗಿ ಬರುವ ಹೊತ್ತಿಗೆ ಅವರು ನಿವೃತ್ತರಾಗಿ ಎದುರು ಮನೆಯ ಕಟ್ಟೆ ಹಿಡಿದಿದ್ದರು. ನನ್ನ ನೌಕರಿ ಉಳಿದದ್ದು ಈ ಮನುಷ್ಯನಿಂದ ಎಂದು ಅವತ್ತು ನಾಲ್ಕು ಜನರ ಮುಂದೆ ಹೇಳಬೇಕೆಂದುಕೊಂಡೆ, ಹೇಳದೆಯೇ ಮನೆಗೆ ಬಂದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಿವೃತ್ತಿಯಾಗಿದ್ದರೂ ಅವರ ಮೈ ಡ್ಯೂಟಿ ಬಿಟ್ಟಿರಲಿಲ್ಲ. ಓಣಿ ದಾಟುವ ಮುಂಚೆ ಬಲ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುತ್ತಿದ್ದರು. ಯಾರದಾದರೂ ಆಟೋದಲ್ಲಿ ಕೂತರೆ ದಾರಿಯುದ್ದಕ್ಕೂ ಬಲಗಾಲಿನಿಂದ ನೆಲ ಒತ್ತುತ್ತಿದ್ದರು. ಪಾಪ, ಆಟೋದವನಿಗೆ ಅವರನ್ನು ಹತ್ತಿಸಿಕೊಂಡರೆ ತಲೆನೋವು. ಅವರದು ಕುರಿ ಕಾಯುವ ಮನೆತನ. ರೋಡಿಗೆ ಕುರಿ ಬಂದರೆ ಹಾರ್ನ್ ಹೊಡೆಯುತ್ತಿರಲಿಲ್ಲವಂತೆ, ಇಂಜಿನ್ ಬಂದ್ ಮಾಡಿ ಕೂತುಬಿಡುತ್ತಿದ್ದರಂತೆ. "ಹಾರ್ನ್ ಹೊಡದ್ರ ಕುರಿ ಓಡ್ತಾವವ್ವಾ, ದಾರಿ ಬಿಡಾಂಗಿಲ್ಲ" ಎಂದು ನನಗೆ ಹೇಳಿದ್ದರು. ಪ್ಯಾಸೆಂಜರುಗಳು ಬೈದರೆ ಅವರನ್ನೇ ತಿರುಗಿಸಿ ಬೈಯುತ್ತಿದ್ದರು. ಹಟ ಅಂದರೆ ಹಟ. ಅರಸೀಕೆರೆಗೆ ಯಾವ ದಾರಿ ಹತ್ತಿರ ಎಂಬ ವಿಷಯಕ್ಕೆ ನನ್ನ ಗಂಡನ ಜೊತೆ ಒಂದು ಮಧ್ಯಾಹ್ನ ಪೂರ್ತಿ ಜಗಳವಾಡಿದ್ದರು. ನಮ್ಮ ಪೇಪರು ಒಯ್ದರೆ ಎಂದೂ ವಾಪಸು ಕೊಟ್ಟವರಲ್ಲ. ಕೇಳಿದರೆ "ಓದಿದ್ ಪೇಪರ್ ಮತ್ತ ಓದ್ತೀರೇನು?" ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಹಗರಿಬೊಮ್ಮನಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹೆರಿಗೆ ರಜೆ ಮುಗಿದು, ಅದಕ್ಕೆ ಅಂಟಿಸಿದ ಗಳಿಕೆ ರಜೆಯೂ ಮುಗಿಯುತ್ತ ಬಂದಿತ್ತು. ಇನ್ನು ರಜೆ ಕೊಡಲು ಬರುವುದಿಲ್ಲ ಎಂದು ಮೇಲಿನವರು ಹೇಳಿಯಾಗಿತ್ತು. ಮಗಳಿಗೆ ಆಗಷ್ಟೇ ಕೂರುವುದು ಬಂದಿತ್ತು. ಅವಳಿಗೆ ನನ್ನ ಹಾಲು ಬಿಟ್ಟರೆ ಬೇರೇನೂ ಬೇಡ. ಬಾಟಲಿಯ ನಿಪ್ಪಲ್ ಬಾಯಿಗಿಟ್ಟರೆ ನಾಲಿಗೆಯಿಂದ ಹೊರಗೆ ದಬ್ಬುತ್ತಿದ್ದಳು. ನಮ್ಮ ಮನೆಯಲ್ಲಿ ತಲೆಮಾರಿನಿಂದ ಬಂದ ಬೆಳ್ಳಿಯ ಒಳಲೆ ಇತ್ತು, ಮಕ್ಕಳಿಗೆ ಹಾಲು ಹಾಕುವ ಮೂತಿಯ ಪುಟ್ಟ ಬಟ್ಟಲು. ಅತ್ತೆ ಕಾಲ ಮೇಲೆ ಮಲಗಿಸಿಕೊಂಡು ಅದರಿಂದ ಹಾಕಲು ಹೋದರೆ, ಮಗು ಬಿಲ್ಲಿನ ಹಾಗೆ ಬಾಗಿ ಓಣಿ ಹಾರುವಂತೆ ಅಳುತ್ತಿತ್ತು. ನಾನೇ ಲೋಟ ಹಿಡಿದು ಕೂತರೆ ಲೋಟ ಬಿಟ್ಟು ನನ್ನ ಸೆರಗಿಗೆ ಕೈ ಹಾಕುತ್ತಿದ್ದಳು.

"ಹಾಲು ಕುಡಿಯೋ ಕೂಸನ್ನ ಬಿಟ್ಟು ಯಾರ್ಯಾರ್ದೋ ಫೋನು ಜೋಡಿಸಾಕ ಹೋಗ್ಬೇಕೇನು? ರಾಜೀನಾಮಿ ಕೊಟ್ಟುಬಿಡು" ಎಂದರು ಅತ್ತೆ. ಸಿಟ್ಟಿನಿಂದ ಹೇಳಿದ್ದಲ್ಲ. ನನ್ನ ಬಾಣಂತನ ಮಾಡಿದವರು ಅವರೇ, ಮೊಮ್ಮಗಳೆಂದರೆ ಅವರಿಗೆ ಜೀವ. ಅವರ ಲೆಕ್ಕದಲ್ಲಿ ಅದು ಸರಳವಾದ ಮಾತು. ನನ್ನ ಗಂಡ ಅತ್ತಲೂ ಹೂಂ, ಇತ್ತಲೂ ಹೂಂ. ನನಗೆ ಮಾತ್ರ ಅದು ಸರಳವಾಗಿರಲಿಲ್ಲ. ಆ ನೌಕರಿ ನಾನೇ ಓದಿ, ಪರೀಕ್ಷೆ ಬರೆದು ಹಿಡಿದದ್ದು. ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಬೋರ್ಡಿನ ಮುಂದೆ ಕೂತರೆ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಆ ಕುರ್ಚಿ ಬಿಡಲು ನನಗೆ ಮನಸ್ಸಿರಲಿಲ್ಲ. ಮಗುವಿನ ಹೊಟ್ಟೆ ಕಟ್ಟಿ ಹೋಗುವ ಮನಸ್ಸೂ ಇರಲಿಲ್ಲ.

ಒಂದು ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಕಾಕಾ ಎಂದಿನಂತೆ ಬಸಿ ಎತ್ತಿ ಸೊರ್ರೆಂದರು. ಮಗಳು ಅಳು ನಿಲ್ಲಿಸಿ ಅವರ ಬಾಯನ್ನೇ ನೋಡಿದಳು. ಇನ್ನೊಂದು ಗುಟುಕು ಎಳೆದರು. ಇವಳ ಬಾಯಿ ತಾನಾಗಿ ಮುಂದೆ ಬಂತು.

"ಯವ್ವಾ, ಕೂಸಿಗಿ ಚಾ ಬೇಕಾಗೈತಿ ನೋಡು!" ಎಂದು ಕಾಕಾ ನಕ್ಕರು.

ನಾನು ನಗಲಿಲ್ಲ. ಅಲ್ಲಿಯೇ ನಿಂತು ನನ್ನ ಕಷ್ಟವನ್ನೆಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಕಾಕಾಗೆ ಅಳುವವರನ್ನು ಕಂಡರೆ ದಿಕ್ಕು ತೋಚುತ್ತಿರಲಿಲ್ಲ. "ಅಳಬ್ಯಾಡ, ಅಳಬ್ಯಾಡ, ನಾ ಕಲಿಸ್ತೀನಿ ತಡಿ" ಎಂದುಬಿಟ್ಟರು.

ಒಳಗಿನಿಂದ ಕಾಕಿ, ಅವರ ಹೆಂಡತಿ, ಹೊರಗೆ ಬಂದರು. "ನಿಮ್ಮ ಮಕ್ಕಳಿಗೆ ಒಂದಿನಾ ನೀರು ಕುಡಿಸೀರೇನು? ಅವ್ರ ಮಕ್ಕಳಿಗೆ ಕಲಿಸಾಕ ಹೊಂಟ್ರಿ!"

ಕಾಕಾ ತಲೆ ಕೆರೆದುಕೊಂಡರು. ಅದು ನಿಜವೇ ಆಗಿತ್ತು. ಅವರ ಮಕ್ಕಳು ಬೆಳೆಯುವಾಗ ಅವರಿಗೆ ಬರೀ ನೈಟ್ ಹಾಲ್ಟ್, ಬಸ್ ನಿಂತ ಊರಲ್ಲೇ ರಾತ್ರಿ. ಮನೆಗೆ ಬಂದ ದಿನ ಮಕ್ಕಳು ಮಲಗಿರುತ್ತಿದ್ದರು, ಏಳುವ ಹೊತ್ತಿಗೆ ಇವರು ಬಸ್‌ಸ್ಟ್ಯಾಂಡಿನಲ್ಲಿರುತ್ತಿದ್ದರು. ಕೂಸನ್ನು ಹೇಗೆ ಎತ್ತಿಕೊಳ್ಳುವುದು ಎನ್ನುವುದೂ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಮಗಳನ್ನು ಮೊದಲ ಸಲ ತೊಡೆಯ ಮೇಲೆ ಕೂರಿಸಿಕೊಂಡಾಗ ಸ್ಟೇರಿಂಗ್ ಹಿಡಿದ ಹಾಗೆ ಎರಡೂ ಕಡೆ ಹಿಡಿದು ಬಿಗಿಯಾಗಿ ಕೂತಿದ್ದರು. ಉಸಿರನ್ನೂ ಬಿಟ್ಟಿರಲಿಲ್ಲವೇನೋ.

ಮೊದಲ ಪ್ರಯತ್ನ ಅನಾಹುತವಾಯಿತು. ಡ್ಯೂಟಿಯ ಕಾಲದ ಥರ್ಮಾಸಿನ ಮುಚ್ಚಳಕ್ಕೆ ಒಂದಿಷ್ಟು ಆರಿದ ನೀರು ಹಾಕಿ ಮಗುವಿನ ಮುಂದೆ ಹಿಡಿದರು. ಮಗು ಅದನ್ನು ಎರಡೂ ಕೈಯಿಂದ ಕಸಿದುಕೊಂಡಿತು. ಕಸಿದುಕೊಂಡು, ತಲೆ ಪೂರ್ತಿ ಹಿಂದಕ್ಕೆ ಚೆಲ್ಲಿ, ಬಾಯಿ ಅಗಲಿಸಿ, ಮುಚ್ಚಳವನ್ನು ಹಣೆಯ ಮೇಲೆ ಎತ್ತಿ ಬೋರಲು ಹಾಕಿಬಿಟ್ಟಿತು. ನೀರು ಮೂಗಿಗೆ ಹೋಯಿತು. ಕೆಮ್ಮು ಹತ್ತಿ ಮುಖ ಕೆಂಪಾಯಿತು. ಅತ್ತೆ ಓಡಿ ಬಂದು ಮಗುವನ್ನು ಕಿತ್ತುಕೊಂಡು ಬೆನ್ನು ತಟ್ಟಿದರು. ಮಗು ಸುಧಾರಿಸಿಕೊಂಡ ಮೇಲೆ ಕಾಕಾನ ಕಡೆ ತಿರುಗಿದರು.

"ಬಸ್ ಓಡ್ಸಿದಂಗಲ್ಲ ಡ್ರೈವರಪ್ಪಾ ಇದು. ನಮ್ಮ ಕೂಸಿನ ತಂಟೆಗೆ ಬರಬ್ಯಾಡ."

ಆ ಸಂಜೆ ಕಟ್ಟೆಯಲ್ಲಿ ಚಹಾದ ಸದ್ದಿರಲಿಲ್ಲ. ಮರುದಿನ ನಾನು ನೀರು ಹಿಡಿಯಲು ನಲ್ಲಿಗೆ ಹೋದರೆ ಕಾಕಾ ಅಲ್ಲಿಗೇ ಬಂದರು. ಮುಖ ಬಾಡಿತ್ತು.

"ಯವ್ವಾ, ಒಂದು ಮಾತು ತಿಳಿಯವಲ್ದು. ಕೂಸು ನನ್ನ ನೋಡಿ ಕಲಿಯಾಕತ್ತಿತ್ತು. ನಾನು ಬಸಿಗೆ ಬಾಯಿ ಇಟ್ಟು ಕುಡೀತೀನಿ. ಅದ್ಯಾಕ ತಲಿ ಮ್ಯಾಲ ಎತ್ತಿತು?"

ನನಗೂ ತಿಳಿದಿರಲಿಲ್ಲ. ಮನೆಗೆ ಬಂದೆ. ಅತ್ತೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟಕ್ಕೆ ಕೂತಿದ್ದರು. ನಡುವೆ ನೀರಿನ ತಂಬಿಗೆ ಎತ್ತಿದರು. ಅತ್ತೆ ಹುಟ್ಟಿದಾರಭ್ಯ ಪಾತ್ರೆಗೆ ತುಟಿ ತಾಗಿಸಿದವರಲ್ಲ. ಕಚ್ಚಿ ಕುಡಿದರೆ ಎಂಜಲು. ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಅಷ್ಟೆತ್ತರದಿಂದ ಗಟಗಟನೆ ಸುರಿದುಕೊಂಡರು, ಒಂದು ಹನಿ ಆಚೀಚೆ ಬೀಳಲಿಲ್ಲ. ಪಕ್ಕದಲ್ಲಿ ನನ್ನ ಮಗಳೂ ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದು ಕೂತಿದ್ದಳು. ನಮ್ಮ ಮನೆಯಲ್ಲಿ ಎಲ್ಲರೂ ಕುಡಿಯುವುದು ಹಾಗೆಯೇ. ನಾನೂ ಆಫೀಸಿನಲ್ಲಿ ಕಪ್ಪು ಕಚ್ಚಿ ಕುಡಿಯುವವಳು ಮನೆಗೆ ಬಂದರೆ ಎತ್ತಿಯೇ ಕುಡಿಯುತ್ತಿದ್ದೆ. ಹುಟ್ಟಿದಾಗಿನಿಂದ ಆ ಮಗು ಬೇರೆ ಏನನ್ನು ನೋಡಿತ್ತು?

ಓಡಿ ಹೋಗಿ ಕಾಕಾಗೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಂಗಾರ ಕೂಸಿಂದು ತಪ್ಪಿಲ್ಲ ಬಿಡು. ತನ್ನ ಮನಿ ರೂಟಿನಾಗ ತಾನು ಹೊಂಟೈತಿ!" ನಕ್ಕು ಮುಗಿಸಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಸೀದಾ ನಮ್ಮ ಬಾಗಿಲಿಗೆ ಬಂದು ನಿಂತರು.

"ಅಕ್ಕಾ, ನಿನ್ನೀದು ತಪ್ಪು ನಂದ. ಬೈಯೂದಿದ್ರ ಇನ್ನೊಂದೀಟು ಬೈರಿ. ಆದ್ರ ಕೂಸಿನ ಕಣ್ಮುಂದ ಸ್ವಲ್ಪ ದಿನ ಯಾರೂ ಎತ್ತಿ ಕುಡೀಬ್ಯಾಡ್ರಿ."

"ಮತ್ತ ಹೆಂಗ ಕುಡೀಲಿ?"

"ತುಟಿ ಹಚ್ಚಿ ಕುಡೀರಿ. ನೋಡಿ ಕಲಿತೈತಿ."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಬೇಕಾದ್ರ ಒಳಗ ಹೋಗಿ ಕುಡೀತೀನಿ. ಕಚ್ಚಿ ಕುಡಿಯಾಕಿ ಮಾತ್ರ ಅಲ್ಲ ನಾನು."

ಅಷ್ಟಕ್ಕೇ ಕಾಕಾ ಕೈಮುಗಿದರು. ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ನಾಟಕ ಶುರುವಾಯಿತು. ಬಾಯಾರಿದವರು ತಂಬಿಗೆ ಹಿಡಿದು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ಕದ್ದು ಕುಡಿಯುವುದು. ನನ್ನ ಗಂಡನೂ ಹೋಗುತ್ತಿದ್ದ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದು ಕಟ್ಟೆಯ ಕಡೆ ಒಂದು ಕೆಟ್ಟ ನೋಟ ಬೀರುತ್ತಿದ್ದರು.

ಕಟ್ಟೆಯ ಮೇಲೆ ಪಾಠ ನಡೆಯುತ್ತಿತ್ತು. ಕಾಕಾಗೆ ಈ ಸಲ ಅವಸರವಿರಲಿಲ್ಲ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಪುಟ್ಟ ಸ್ಟೀಲ್ ಲೋಟದ ತಳದಲ್ಲಿ ಎರಡು ಗುಟುಕು ಹಾಲು ಹಾಕಿ, ಲೋಟವನ್ನು ಅದರ ಕೆಳದುಟಿಗೆ ತಾಗಿಸಿ, ಹಾಲು ಅಂಚಿಗೆ ಬರುವಷ್ಟು ಮಾತ್ರ ಬಾಗಿಸಿ ಹಿಡಿದುಬಿಡುತ್ತಿದ್ದರು. ಮುಂದೆ ಬಾಗಿಸುತ್ತಿರಲಿಲ್ಲ. ಹಾಲು ಅಂಚಿನಲ್ಲಿ ನಿಂತಿರುತ್ತಿತ್ತು, ಕಾಕಾ ಕಾಯುತ್ತಿದ್ದರು. ನನಗೆ ತಾಳ್ಮೆ ಕಡಿಮೆ. "ಇನ್ನೀಟು ಬಗ್ಗಿಸ್ರಿ ಕಾಕಾ, ಬಾಯಿಗಿ ಹೋಗ್ಲಿ" ಎಂದರೆ ಕಣ್ಣು ಬಿಡುತ್ತಿದ್ದರು.

"ಸ್ಟಾಪಿನಾಗ ಬಸ್ ನಿಲ್ಸೂದು ಅಷ್ಟ ನಮ್ಮ ಕೆಲಸ ಯವ್ವಾ. ಹತ್ತೂದು ಅವ್ರ ಕೆಲಸ. ಎಳದು ಹತ್ತಿಸಿದ್ರ ಬೀಳ್ತಾರ."

ಒಂದು ದಿನ ಮಗುವಿನ ನಾಲಿಗೆ ಹಾಲಿಗೆ ತಾಗಿತು. ಇನ್ನೊಂದು ದಿನ ಮೇಲ್ದುಟಿ ಇಳಿಯಿತು. ಬಹಳಷ್ಟು ಹಾಲು ಗಲ್ಲದಿಂದ ಹರಿದು ಕಾಕಾನ ಪಂಚೆ ಸೇರಿತು. ಅವರ ಪಂಚೆಯ ಹಾಲಿನ ವಾಸನೆಗೆ ನೊಣ ಬರುತ್ತವೆ ಎಂದು ಕಾಕಿ ರೇಗುತ್ತಿದ್ದರು. ಕಾಕಾಗೆ ಹಾಲು ಎಂದರೆ ಚಿಕ್ಕಂದಿನಿಂದ ಆಗಿಬರುತ್ತಿರಲಿಲ್ಲ. ಆದರೂ ಕೂಸಿಗೆ ಜೊತೆ ಬೇಕು ಎಂದು ತಾವೂ ಒಂದು ಲೋಟ ಹಾಲು ಇಟ್ಟುಕೊಂಡು, ಔಷಧಿ ಕುಡಿದ ಮುಖ ಮಾಡಿಕೊಂಡು ಹೀರುತ್ತಿದ್ದರು. ಸುಮ್ಮನೆ ನಟಿಸಿದರೆ ಆಗದೇ ಎಂದು ಕೇಳಿದ್ದಕ್ಕೆ "ಖಾಲಿ ಲೋಟ ಕೂಸಿಗೆ ಗೊತ್ತಾಗತೈತಿ" ಎಂದರು. ಕೊನೆಗೆ ಒಂದು ಮುಂಜಾನೆ ಮಗಳು ಲೋಟದ ಅಂಚನ್ನು ತುಟಿಯಲ್ಲಿ ಹಿಡಿದು ಸೊರ್ರನೆ ಎಳೆದಳು. ಎಳೆದು, ತಲೆ ಎತ್ತಿ, "ಹ್ಹಾ" ಎಂದಳು.

ಓಣಿಯೇ ನಕ್ಕಿತು. ಅತ್ತೆ ಒಳಗಿನಿಂದ "ಇದು ನಮ್ಮ ಮನಿ ಕೂಸೋ, ಬಸ್ ಡಿಪೋದ ಕೂಸೋ" ಎಂದರು. ಅವರ ದನಿಯಲ್ಲೂ ನಗುವಿತ್ತು ಎಂದು ನನಗನಿಸಿತು.

ಒಂದೇ ತೊಡಕು ಉಳಿಯಿತು. ಮಗು ಕುಡಿಯುತ್ತಿದ್ದುದು ಕಾಕಾನ ತೊಡೆಯ ಮೇಲೆ ಮಾತ್ರ. ಅತ್ತೆ ಲೋಟ ಹಿಡಿದರೆ ಅವರ ಮುಖ ನೋಡುವುದು, ತಲೆ ಹಿಂದಕ್ಕೆ ಚೆಲ್ಲುವುದು. ಅಜ್ಜಿ ಎಂದರೆ ಎತ್ತಿ ಕುಡಿಯುವುದು ಎಂದು ಅದಕ್ಕೆ ಗಟ್ಟಿಯಾಗಿ ಕೂತುಬಿಟ್ಟಿತ್ತು. "ಇರ್ಲಿ ಬಿಡು, ಕಾಕಾ ಎದುರಿಗೇ ಅದಾರ, ದಿನಾ ಬಂದು ಕುಡಿಸ್ತಾರ" ಎಂದ ನನ್ನ ಗಂಡ. ಅತ್ತೆಗೂ ಅದೇ ಅನುಕೂಲವೆನಿಸಿತು. ಕಾಕಾ ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಟವೆಲ್ಲಿನಿಂದ ಮಗುವಿನ ಗಲ್ಲ ಒರೆಸುತ್ತ ಕೂತಿದ್ದರು. ನಾವೆಲ್ಲ ಅದನ್ನು ಒಪ್ಪಿಗೆ ಎಂದುಕೊಂಡೆವು.

ನಾನು ಡ್ಯೂಟಿಗೆ ಮರಳುವ ದಿನ ಬಂತು. ಮುಂಜಾನೆಯ ಬಸ್ಸಿಗೆ ಹೊರಟೆ. ಕಾಕಾನ ಕಟ್ಟೆ ಖಾಲಿಯಿತ್ತು, ಸ್ನಾನಕ್ಕೆ ಹೋಗಿರಬೇಕೆಂದುಕೊಂಡೆ. ಬೋರ್ಡಿನ ಮುಂದೆ ಕೂತಾಗ ಹಳೆಯ ಖುಷಿ ಬರಲಿಲ್ಲ. ಯಾರೋ ಕೂಡ್ಲಿಗಿ ಕೇಳಿದರೆ ಹರಪನಹಳ್ಳಿಗೆ ಜೋಡಿಸಿದೆ. ಆಚೆಯವರು ಬೈದರು. ಊರಿಗೆಲ್ಲ ಫೋನ್ ಜೋಡಿಸುವವಳ ಮನೆಯಲ್ಲಿ ಫೋನಿರಲಿಲ್ಲ. ಎದೆ ಭಾರವಾಗಿ ರವಿಕೆ ಒದ್ದೆಯಾದಾಗ, ಮಗಳಿಗೆ ಹಸಿವಾಗಿದೆ ಎಂದು ನನಗೆ ಗೊತ್ತಾಯಿತು. ಪಾಳಿ ಮುಗಿದದ್ದೇ ಬಸ್ ಹಿಡಿದು, ಕೊಟ್ಟೂರಿನಲ್ಲಿ ಇಳಿದು ಓಡಿದೆ.

ಅತ್ತೆ ಬಾಗಿಲಲ್ಲೇ ಕೂತಿದ್ದರು. ಸೆರಗು ಪೂರ್ತಿ ಒದ್ದೆ.

"ಬಂದಿಯಾ? ನಿಮ್ಮ ಡ್ರೈವರಪ್ಪ ಮುಂಜಾನಿಂದ ಪತ್ತೆ ಇಲ್ಲ. ನಂಬಿದ್ದಕ್ಕ ಚಲೋ ಕೈಕೊಟ್ಟ!"

ನಾನು ಅವರ ತಲೆಯ ಮೇಲಿಂದ ಒಳಗೆ ಇಣುಕಿದೆ. "ಕೂಸು?"

ಅತ್ತೆ ಎದ್ದರು. ಒಳಗೆ ಕರೆದುಕೊಂಡು ಹೋದರು. ಮಗಳು ಗೋಡೆಗೆ ಒರಗಿ ಕೂತು ಚಮಚ ಬಡಿಯುತ್ತಿದ್ದಳು, ನನ್ನನ್ನು ಕಂಡು ಕೇಕೆ ಹಾಕಿದಳು. ಅತ್ತೆ ಅವಳ ಮುಂದೆ ಕೂತರು. ಎರಡು ಲೋಟಕ್ಕೆ ಹಾಲು ಹಾಕಿದರು. ನನ್ನ ಕಡೆ ಬೆನ್ನು ಮಾಡಲು ನೋಡಿದರು, ಆಗಲಿಲ್ಲ. ಆಮೇಲೆ ಒಂದು ಲೋಟವನ್ನು ಮೆಲ್ಲಗೆ ಎತ್ತಿ, ಕಣ್ಣು ಮುಚ್ಚಿ, ಅದರ ಅಂಚಿಗೆ ತುಟಿ ಹಚ್ಚಿ ಒಂದು ಗುಟುಕು ಹೀರಿದರು. ಮಗಳು ಇನ್ನೊಂದು ಲೋಟಕ್ಕೆ ಬಾಯಿ ಒಡ್ಡಿದಳು. ಅತ್ತೆ ಹಾಲು ಅಂಚಿಗೆ ತಂದು ನಿಲ್ಲಿಸಿ ಕಾದರು. ಅವಳು ಕುಡಿದಳು.

ಮದುವೆಯಾದಾಗಿನಿಂದ ನಾನು ಅತ್ತೆಯನ್ನು ಅಪ್ಪಿಕೊಂಡಿರಲಿಲ್ಲ. ಅವತ್ತು ಅಪ್ಪಿಕೊಂಡೆ. "ಬಿಡ, ಹಾಲು ಚೆಲ್ಲತೈತಿ" ಎಂದರು.

ಕಾಕಾನ ಮೇಲೆ ಮಾತ್ರ ಸಿಟ್ಟು ಕುದಿಯುತ್ತಿತ್ತು. ಮಗಳನ್ನು ಎತ್ತಿಕೊಂಡು ಎದುರು ಮನೆಗೆ ಹೋದೆ. ಕಾಕಿ ನನ್ನ ಮುಖ ನೋಡಿಯೇ ತಿಳಿದುಕೊಂಡರು.

"ಉಜ್ಜಿನಿ ಬಸ್ ಹತ್ತಿ ಹೋಗ್ಯಾರವ್ವಾ. ಅಲ್ಲಿ ದೇವ್ರ ದರ್ಶನಕ್ಕಲ್ಲ. 'ನಾನು ಹೋಗಿ ಕುಡಿಸಿದ್ರ ಅಕ್ಕ ಎಂದೂ ತುಟಿ ಹಚ್ಚಂಗಿಲ್ಲ. ನಾಳಿ ನಾ ಜಡ್ಡು ಬಿದ್ರ ಕೂಸಿನ ಗತಿ ಏನು, ಈ ಹುಡಿಗಿ ನೌಕರಿ ಗತಿ ಏನು' ಅಂದ್ರು. ಓಣ್ಯಾಗ ಇದ್ರ ಕೂಸಿನ ಅಳು ಕೇಳಿ ತಡಿಯಾಕ ಆಗಂಗಿಲ್ಲಂತ. ಅದಕ್ಕ ಊರ ಬಿಟ್ಟು ಹೋದ್ರು. ಮಧ್ಯಾಹ್ನದ ತನಕ ಕುಡೀಲಿಲ್ಲಂದ್ರ ನೀ ಹೋಗು ಅಂತ ನನ್ನ ಕಾವಲಿಗೆ ಇಟ್ಟಿದ್ರು. ನಾ ನಿಮ್ಮ ಬಾಗಿಲಿಗೆ ಬರೂದಕ್ಕೂ, ನಿಮ್ಮತ್ತಿ ಒಳಗ ಲೋಟಕ್ಕ ಬಾಯಿ ಇಡೂದಕ್ಕೂ ಸರಿ ಹೋತು. ಸದ್ದು ಮಾಡ್ದ ವಾಪಸ್ ಬಂದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಸಂಜೆಯಾಗುತ್ತಿತ್ತು. ಉಜ್ಜಿನಿಯ ಬಸ್ ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಜನ ಬುಟ್ಟಿ, ಚೀಲ ಹಿಡಿದು ಇಳಿಯತೊಡಗಿದರು. ಅವರ ನಡುವೆ ಕಾಕಾ ಬಾಗಿಲಿಗೆ ಬಂದರು. ಹಿಂದಿನ ಸೀಟಿನಲ್ಲಿ ಕೂತು ಬಂದಿರಬೇಕು, ತಲೆಯೆಲ್ಲ ಧೂಳು. ಇಡೀ ದಿನ ಊಟ ಮಾಡಿದ ಮುಖವಾಗಿರಲಿಲ್ಲ. ನಮ್ಮಿಬ್ಬರನ್ನು ಕಂಡವರೇ ಮೆಟ್ಟಿಲ ಮೇಲೆ ನಿಂತುಬಿಟ್ಟರು.

"ಕುಡೀತೇನವ್ವಾ?"

"ಕುಡೀತು ಕಾಕಾ."

"ಯಾರ ಕೈಯಾಗ?"

"ಅತ್ತಿ ಕೈಯಾಗ. ತುಟಿ ಹಚ್ಚಿ ತೋರಿಸಿದ್ರು."

ಕಾಕಾ ಬಾಗಿಲ ಕಂಬಿ ಹಿಡಿದುಕೊಂಡರು. ಹಿಂದೆ ನಿಂತವರು "ಇಳೀರಿ ಯಜಮಾನ್ರ, ದಾರಿ ಬಿಡ್ರಿ" ಎಂದು ಕೂಗುತ್ತಿದ್ದರು, ಯಾರೋ ಬೆನ್ನಿಗೆ ದಬ್ಬಿದರು. ಒಂದು ಮಾತು ಕೇಳಿಸಿಕೊಳ್ಳದ ಮನುಷ್ಯ ಅವತ್ತು ತಿರುಗಿ ಬೈಯಲಿಲ್ಲ. ಮಗಳು ಅವರ ಕಡೆ ಎರಡೂ ಕೈ ಚಾಚಿದಳು. ಅವರು ಇಳಿಯದೆ, ಅವಳನ್ನು ತೆಗೆದುಕೊಳ್ಳದೆ, ಅಷ್ಟು ಜನರ ದಾರಿ ಕಟ್ಟಿಕೊಂಡು ನಿಂತು ಅಳುತ್ತಿದ್ದರು.